ದೇಸೂರಿನಿಂದ ಜಯದೇವ ಆಸ್ಪತ್ರೆಯವರೆಗೆ

ಬೆಳಗಾವಿಯಿಂದ ಖಾನಾಪುರದ ಕಡೆಗೆ ಹೊರಟ ರೈಲು ಹಾಯ್ದುಹೋಗುವ ಚಿಕ್ಕ ನಿಲ್ದಾಣ ನಮ್ಮ ದೇಸೂರ. ಇಲ್ಲಿ ರೈಲು ತಪ್ಪಿದರೆ ರಸ್ತೆಗೆ ಬಂದು ಬಸ್ಸಿಗೆ ಕೈಮಾಡಬೇಕು; ಅದೂ ತಪ್ಪಿದರೆ ಪರಿಚಯದವರ ಗಾಡಿಯೊಂದು ಬಂದೇ ಬರುತ್ತದೆ. ದಾರಿ ಕೇಳುವ ಪ್ರಸಂಗವೇ ಬಾರದ ಇಂಥ ಊರಿನಲ್ಲಿ ಬಾಳಿದ ನಾನು, 2025ರ ನವೆಂಬರಿನಲ್ಲಿ ನಮ್ಮ ಮನೆಯವರನ್ನು ಹೃದಯದ ತಪಾಸಣೆಗಾಗಿ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಅಲ್ಲಿ ಬಂಧುಗಳಿಲ್ಲವೆಂದಲ್ಲ. ನೌಕರಿಗೆ ಹೋಗುವ ಮಕ್ಕಳಿಗೆ ನಮಗಾಗಿ ರಜೆ ಹಾಕಿಸುವುದು ಆಕೆಗೆ ಒಪ್ಪಿಗೆಯಾಗಲಿಲ್ಲ.

ಬೆಳಗಾವಿಯಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಮರುದಿನ ಬೆಳಗ್ಗೆ ಬೆಂಗಳೂರಿನಲ್ಲಿ ಇಳಿದೆವು. ನಿಲ್ದಾಣದ ಹೊರಗೆ ಆಟೋದವರೊಬ್ಬರು ಹೇಳಿದ ಬಾಡಿಗೆ ಕೇಳಿ ಆಕೆ ನನ್ನ ತೋಳು ಹಿಡಿದು ಮುಂದೆ ನಡೆಸಿದಳು. ಸುರಂಗದಾರಿಯಲ್ಲಿ ರಸ್ತೆ ದಾಟಿದರೆ ಕೆಂಪೇಗೌಡ ಬಸ್ ನಿಲ್ದಾಣ. ಅಲ್ಲಿಯೇ ನೆಲದೊಳಗೆ ಮೆಜೆಸ್ಟಿಕ್ ಮೆಟ್ರೋ. ನೇರಳೆ ಹಾಗೂ ಹಸಿರು ಮಾರ್ಗಗಳು ಕೂಡುವ ಸ್ಥಳವದು.

ನಮ್ಮ ಮೆಟ್ರೋ 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿ ಮತ್ತು ಮಹಾತ್ಮಾ ಗಾಂಧಿ ರಸ್ತೆಗಳ ನಡುವೆ ಆರಂಭವಾಯಿತು. ಆದರೆ ಜಯದೇವಕ್ಕೆ ಹೋಗುವ ನಮ್ಮಂಥವರಿಗೆ ಅದು ಒದಗಿದ್ದು 2025ರ ಆಗಸ್ಟಿನಲ್ಲಿ, ಹಳದಿ ಮಾರ್ಗ ತೆರೆದ ಮೇಲೆಯೇ. ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದಲ್ಲಿ ಏಳನೆಯ ನಿಲ್ದಾಣವಾದ ರಾಷ್ಟ್ರೀಯ ವಿದ್ಯಾಲಯ ರಸ್ತೆಗೆ ಹೋಗಿ, ಅಲ್ಲಿ ರೈಲು ಬದಲಿಸಿದರೆ ರಾಗಿಗುಡ್ಡ, ಅದರ ಮುಂದಿನದೇ ಜಯದೇವ ಆಸ್ಪತ್ರೆ. ಮಾರ್ಗ ಬದಲಿಸಿದರೂ ಬೇರೆ ಟೋಕನ್ ಬೇಕಿಲ್ಲ. ಆದರೆ ಅದನ್ನು ಕಳೆದುಕೊಳ್ಳಬಾರದು. ಹೊರಬರುವಾಗ ಅದನ್ನು ಹಾಕಿದರೆ ಮಾತ್ರ ದ್ವಾರ ತೆರೆಯುತ್ತದೆ. ಆಕೆ ತನ್ನದನ್ನು ಸೆರಗಿನ ಅಂಚಿಗೆ ಗಂಟು ಹಾಕಿಕೊಂಡಳು.

ಆಫೀಸಿನ ವೇಳೆಯ ನೂಕುನುಗ್ಗಲು. ರೈಲು ಬಂದಿತು, ಆಕೆ ಒಳಗೆ ಸೇರಿದಳು. ನನ್ನ ಮುಂದೆ ನಾಲ್ವರು ತೂರಿಕೊಂಡರು, ಬಾಗಿಲು ಮುಚ್ಚಿತು. ಗಾಜಿನಾಚೆ ಆಕೆಯ ಮುಖ ಕಂಡದ್ದು ಒಂದು ಕ್ಷಣ ಮಾತ್ರ. ಫೈಲು, ಮಾತ್ರೆ, ಮೊಬೈಲು ಎಲ್ಲವೂ ನನ್ನ ಚೀಲದಲ್ಲಿ. ಹೃದಯದ ತೊಂದರೆಯಿರುವ ಜೀವ, ಕೈಯಲ್ಲಿ ಒಂದು ಟೋಕನ್ ಬಿಟ್ಟರೆ ಏನೂ ಇಲ್ಲ! ನನ್ನ ಕಾಲುಗಳು ನಡುಗಿದವು. ಅಲ್ಲಿದ್ದ ಕಾವಲುಗಾರ ಯುವಕನಿಗೆ ಹೇಳಿದೆ. ಆತ ಮುಂದಿನ ನಿಲ್ದಾಣಕ್ಕೆ ಸುದ್ದಿ ಮುಟ್ಟಿಸುವುದಾಗಿ ಹೇಳಿ, "ಅಜ್ಜಾರೆ, ಐದು ನಿಮಿಷದಲ್ಲಿ ಇನ್ನೊಂದು ರೈಲು ಬರುತ್ತದೆ, ಅಲ್ಲಿಯವರೆಗೆ ಕುಳಿತುಕೊಳ್ಳಿ" ಎಂದ. ಆ ಐದು ನಿಮಿಷ ರಾತ್ರಿಯ ಇಡೀ ಪ್ರಯಾಣಕ್ಕಿಂತ ದೀರ್ಘವಾಗಿತ್ತು.

ಹಿಂದೆ ಮಕ್ಕಳನ್ನು ಜಾತ್ರೆಗೆ ಒಯ್ಯುವಾಗ ಆಕೆ ಒಂದು ಮಾತು ತಪ್ಪದೆ ಹೇಳುತ್ತಿದ್ದಳು: ತಪ್ಪಿಸಿಕೊಂಡರೆ ಹುಡುಕುತ್ತ ತಿರುಗಬೇಡಿ, ಒಂದು ಕಡೆ ನಿಲ್ಲಿರಿ. ಅದು ನೆನಪಾದುದು ರೈಲು ಚಿಕ್ಕಪೇಟೆ ನಿಲ್ದಾಣವನ್ನು ಹೊಕ್ಕಾಗ. ಬೆಂಚಿನ ಮೇಲೆ ಆಕೆ ನೆಟ್ಟಗೆ ಕುಳಿತಿದ್ದಳು. "ಹೆದರಿದವರು ನೀವs. ಮೊದಲ ನೀರ ಕುಡೀರಿ" ಎಂದಳು.

ಹಳದಿ ಮಾರ್ಗದಲ್ಲಿ ಆಗ ರೈಲುಗಳು ವಿರಳವಾಗಿದ್ದುದರಿಂದ ಸ್ವಲ್ಪ ಕಾಯಬೇಕಾಯಿತು. ಆದರೂ ಆಸ್ಪತ್ರೆಯ ಸಾಲಿನಲ್ಲಿ ಹೊತ್ತಿಗೆ ಸರಿಯಾಗಿ ನಿಂತೆವು. ಹೊಸಬರಿಗೆ ನನ್ನ ಸಲಹೆ ಇಷ್ಟೇ: ಹೋಗಬೇಕಾದ ನಿಲ್ದಾಣದ ಹೆಸರನ್ನೂ ಮನೆಯವರ ಫೋನ್ ಸಂಖ್ಯೆಯನ್ನೂ ಚೀಟಿಯಲ್ಲಿ ಬರೆದು ಇಬ್ಬರ ಬಳಿಯೂ ಇಟ್ಟುಕೊಳ್ಳಬೇಕು. ದಾರಿ ಕೇಳಲು ಗಂಡಸರಿಗೆ ಅದೇಕೋ ಸಂಕೋಚ. ಆ ಕೆಲಸವನ್ನು ಹೆಣ್ಣುಮಕ್ಕಳಿಗೆ ಬಿಡುವುದು ಲೇಸು.

ಮರಳುವಾಗ ಅವಸರವಿರಲಿಲ್ಲ, ಬಸ್ಸನ್ನೇ ಹಿಡಿದೆವು. ಬನ್ನೇರುಘಟ್ಟ ರಸ್ತೆಯಲ್ಲಿ 365ನೆಯ ಸಂಖ್ಯೆಯ ಬಸ್ಸನ್ನು ಕೇಳಿದರೆ ಯಾರಾದರೂ ತೋರಿಸುತ್ತಾರೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ಸಿನಲ್ಲಿ ಆಕೆಗೆ ಶೂನ್ಯ ಟಿಕೆಟ್. ಮೆಟ್ರೋದಲ್ಲಿ ಆ ಸೌಲಭ್ಯವಿರಲಿಲ್ಲ. ಆಧಾರ್ ಚೀಟಿ ನೋಡಿದ ನಿರ್ವಾಹಕರು, "ಬೆಳಗಾವಿಯವರೇನಮ್ಮ?" ಎಂದು ಕಿಟಕಿಯ ಪಕ್ಕದ ಆಸನ ತೋರಿಸಿದರು.

ಮೂರು ತಿಂಗಳ ನಂತರ ಮತ್ತೆ ಬರಬೇಕೆಂದು ವೈದ್ಯರು ಬರೆದಿದ್ದರು. ಆ ಹಾಳೆಯನ್ನು ನಾನು ಚೀಲದೊಳಗಿಡುವಾಗ ಆಕೆ ಕೈಚಾಚಿ ಈಸಿಕೊಂಡಳು. "ಮುಂದಿನ ಸಲ ಫೈಲು ನನ್ನ ಕೈಯಾಗ ಇರಲಿ. ನೀವು ಮುಂದ ಹತ್ತರಿ, ನಾ ಹಿಂದ ಬರ್ತೇನಿ."