ಪಿಸ್ತೂಲು ಹಿಡಿದ ಮಾಮಂದಿರು

ಮೊಂತೋಬಾನ್ ದಕ್ಷಿಣ ಫ್ರಾನ್ಸಿನ ಊರು. ಅಲ್ಲಿ ಟ್ರ್ಯಾಕ್ಟರು, ಬೇಸಾಯದ ಯಂತ್ರಗಳನ್ನು ಮಾರಿಕೊಂಡು ಮರ್ಯಾದೆಯಿಂದ ಬದುಕುತ್ತಿರುವ ಫೆರ್ನಾಂ ಎಂಬ ಗೃಹಸ್ಥನಿಗೆ ಪ್ಯಾರಿಸ್ಸಿನಿಂದ ಕರೆ ಬರುತ್ತದೆ. ಹಳೆಯ ಗೆಳೆಯ ಸಾವಿನ ಹಾಸಿಗೆಯಲ್ಲಿದ್ದಾನೆ. ಗೆಳೆಯ ಭೂಗತ ಲೋಕದ ದೊರೆ. ಫೆರ್ನಾಂ ಕೂಡ ಒಂದು ಕಾಲಕ್ಕೆ ಅದೇ ಕಸುಬಿನವನು. ಸಾಯುವವನು ಎರಡು ಹೊರೆ ಹೊರಿಸಿ ಕಣ್ಣು ಮುಚ್ಚುತ್ತಾನೆ. ಒಂದು, ಜೂಜುಕಟ್ಟೆ, ವೇಶ್ಯಾಗೃಹ, ಕಳ್ಳಭಟ್ಟಿಗಳ ಸಾಮ್ರಾಜ್ಯ. ಇನ್ನೊಂದು, ಅಪ್ಪನ ದಂಧೆಯ ಗಂಧಗಾಳಿಯೂ ಇಲ್ಲದ ಮಗಳು.

ಇದನ್ನೇ ಗಂಭೀರವಾಗಿ ತೆಗೆದಿದ್ದರೆ ನಾಲ್ಕು ಹೆಣ ಬೀಳುವ ಮತ್ತೊಂದು ಗ್ಯಾಂಗ್‌ಸ್ಟರ್ ಚಿತ್ರವಾಗುತ್ತಿತ್ತು. ಹೆಣಗಳೇನೋ ಇಲ್ಲೂ ಬೀಳುತ್ತವೆ. ಆದರೆ ಸೈಲೆನ್ಸರ್ ಹಾಕಿದ ಪಿಸ್ತೂಲುಗಳು ಬಾಟಲಿಯ ಬಿರಡೆ ಕಿತ್ತಂತೆ 'ಪ್ಲಪ್' ಎನ್ನುತ್ತವೆ, ಪ್ರೇಕ್ಷಕ ನಗುತ್ತಾನೆ. ಜಾರ್ಜ್ ಲೋತ್ನೆರ್ ನಿರ್ದೇಶಿಸಿದ 'ಲೆ ತೊಂತೊಂ ಫ್ಲ್ಯಾಂಗರ್' ತೆರೆ ಕಂಡದ್ದು 1963ರ ನವೆಂಬರ್ 27ರಂದು. 'ತೊಂತೊಂ' ಎಂದರೆ ಮಕ್ಕಳ ಬಾಯಿಯ ಮಾಮ. ಗುಂಡು ಹಾರಿಸುವ ಮಾಮಂದಿರು!

ಅದು ಫ್ರಾನ್ಸಿನಲ್ಲಿ ಹೊಸ ಅಲೆಯ ಚಿತ್ರಗಳ ಕಾಲ. ಈ ಕಪ್ಪು-ಬಿಳುಪಿನ ತಮಾಷೆಯನ್ನು ವಿಮರ್ಶಕರು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. ಜನ ಮಾತ್ರ ನೋಡಿದರು. ನೋಡುತ್ತ ನೋಡುತ್ತ ಮಾತುಗಳನ್ನು ಬಾಯಿಪಾಠ ಮಾಡಿಕೊಂಡರು. ಕಥೆ ಆಲ್ಬೇರ್ ಸಿಮೊನಾಂ ಅವರ ಕಾದಂಬರಿಯದು. ಸಂಭಾಷಣೆ ಮಿಶೆಲ್ ಓದ್ಯಾರ್ ಅವರದು. ಅವರ ರೌಡಿಗಳು ಬೀದಿಯ ಪೋಲಿ ನುಡಿಯನ್ನು ವ್ಯಾಕರಣ ಪಂಡಿತರ ಠೀವಿಯಲ್ಲಿ ಆಡುತ್ತಾರೆ. ರಾವುಲ್ ಎಂಬ ಎದುರಾಳಿ ಫೆರ್ನಾಂನನ್ನು ತುಂಡು ತುಂಡು ಮಾಡಿ ಪ್ಯಾರಿಸ್ಸಿನ ಉದ್ದಗಲಕ್ಕೂ ಹರಡುತ್ತೇನೆಂದು ದೊಡ್ಡ ಭಾಷಣ ಬಿಗಿಯುತ್ತಾನೆ. ಅವನಿಗೆ ಪ್ರತಿ ಸಲ ದಕ್ಕುವುದು ಮೂತಿಗೊಂದು ಗುದ್ದು, ಅಷ್ಟೆ. ಬರ್ನಾರ್ ಬ್ಲಿಯೆ ಆ ಗುದ್ದು ತಿನ್ನುವ ಪರಿ ನೋಡಿಯೇ ತಿಳಿಯಬೇಕು.

ಚಿತ್ರದ ಜೀವ ಇರುವುದು ಅಡುಗೆಮನೆಯಲ್ಲಿ. ಹುಡುಗಿ ಮನೆಯಲ್ಲಿ ಪಾರ್ಟಿ ಇಟ್ಟುಕೊಂಡಿದ್ದಾಳೆ. ಕೊಲ್ಲಲು ಬಂದವರು, ಕಾಯಲು ನಿಂತವರು ಎಲ್ಲ ಒಂದೇ ಮೇಜಿನ ಸುತ್ತ ಕೂತು ಹುಡುಗರಿಗೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಾರೆ. ಕುಡಿಯಲು ಬೇರೇನೂ ಸಿಗದೆ ಹಳೆಯ ಕಳ್ಳಭಟ್ಟಿಯ ಬಾಟಲಿಯೊಂದು ಹೊರಬರುತ್ತದೆ. ಒಂದು ಗುಟುಕಿಗೇ ಕಣ್ಣಲ್ಲಿ ನೀರು. ಅದರಲ್ಲಿ ಯಾವ ಹಣ್ಣಿದೆಯೆಂದು ಪಾರಖಿಗಳಂತೆ ಚರ್ಚೆ. ಗಂಟಲು ಸುಟ್ಟಷ್ಟೂ ನೆನಪು ಬಿಚ್ಚಿಕೊಳ್ಳುತ್ತದೆ. ಸೈಗಾನ್ ಕಡೆಯ ಬಿಯೆನ್ ಹೋವಾ, ಅಲ್ಲಿ ಕಂಡ ಹೆಂಗಸರು. ಫ್ರಾನ್ಸ್ ಇಂಡೋಚೀನಾವನ್ನು 1954ರಲ್ಲಿ ಬಿಟ್ಟಿತ್ತು, ಆಲ್ಜೀರಿಯಾ ಕೈತಪ್ಪಿ ವರ್ಷವಷ್ಟೇ ಕಳೆದಿತ್ತು. ಆ ಕುಡುಕರ ಕಣ್ಣೀರೆಲ್ಲ ಭಟ್ಟಿಯದಲ್ಲ. ಪಕ್ಕದ ಕೋಣೆಯಲ್ಲಿ ಕುಣಿಯುತ್ತಿರುವ ಹುಡುಗರಿಗೆ ಈ ಮುದುಕರ ಜಗತ್ತು ಆಗಲೇ ಬೇಡವಾಗಿದೆ. ಈ ದೃಶ್ಯ ಅನಗತ್ಯವೆಂದು ಓದ್ಯಾರ್ ಅವರಿಗೇ ಅನಿಸಿತ್ತಂತೆ. ಹಟ ಹಿಡಿದು ಉಳಿಸಿಕೊಂಡವರು ಲೋತ್ನೆರ್. ಬರೆದವನಿಗೆ ಬೇಡವಾದದ್ದೇ ಊರಿಗೆಲ್ಲ ನೆನಪಾಗಿ ಉಳಿಯುವುದುಂಟು.

ಹುಡುಗಿಯ ಪ್ರಿಯಕರನೊಬ್ಬನಿದ್ದಾನೆ, ನಲ್ಲಿಯ ನೀರಿನ ಸದ್ದಿನಿಂದ ಸಂಗೀತ ಹುಟ್ಟಿಸಲು ಹೊರಟವನು. ನವ್ಯರ ಮೇಲಿನ ಈ ಲೇವಡಿ ಈಗ ಕೊಂಚ ಹಳಸಿದೆ. ಆದರೆ ಚಿತ್ರಕ್ಕೆ ಸಂಗೀತ ಕೊಟ್ಟ ಮಿಶೆಲ್ ಮಾನ್ಯ್ ಒಂದೇ ಪುಟ್ಟ ರಾಗವನ್ನು ಹತ್ತು ವೇಷದಲ್ಲಿ ಕುಣಿಸಿ, ಕೊನೆಗೆ ಚರ್ಚಿನ ಗಂಟೆಗೂ ಅದನ್ನೇ ಕಲಿಸಿದ್ದಾರೆ.

ಫೆರ್ನಾಂ ಪಾತ್ರಕ್ಕೆ ಮೊದಲು ಜಾಂ ಗಾಬಾಂ ಹೆಸರಿತ್ತು. ಕೊನೆಗೆ ಬಂದವರು ಲಿನೊ ವೆಂತುರಾ: ಇಟಲಿಯ ಪಾರ್ಮಾದಲ್ಲಿ ಹುಟ್ಟಿದ, ಕುಸ್ತಿ ಅಖಾಡದಿಂದ ಸಿನಿಮಾಕ್ಕೆ ಬಂದ ಗಟ್ಟಿ ಆಳು. ಹಾಸ್ಯ ತನಗೆ ಒಗ್ಗುವುದಿಲ್ಲವೆಂಬ ಅಳುಕು ಅವರಿಗೆ. ಆ ಅಳುಕೇ ಒದಗಿಬಂತು. ಸುತ್ತಲಿನವರೆಲ್ಲ ನಗಿಸುತ್ತಿದ್ದರೆ ಈತನೊಬ್ಬ ನಿಜವಾಗಿಯೇ ಸಿಟ್ಟಾಗಿರುತ್ತಾನೆ. ವ್ಯಾಪಾರ ಹಾಳಾಗುತ್ತಿದೆ, ಊರಿಗೆ ಹೋಗಬೇಕು, ಆದರೆ ಕೊಟ್ಟ ಮಾತು ಬಿಡುವಂತಿಲ್ಲ. ಸಾಮ್ರಾಜ್ಯವನ್ನು ಯಾರಾದರೂ ಒಯ್ಯಲಿ, ಹುಡುಗಿಗೆ ಮಾತ್ರ ಏನೂ ಆಗಬಾರದು ಎಂಬ ಭಾವ ಆ ಗಂಟುಮುಖದ ಹಿಂದೆ ಸದಾ ಇಣುಕುತ್ತದೆ.

ವೆಂತುರಾ ಅವರ ಸ್ವಂತ ಮಗಳೊಬ್ಬಳು ಬುದ್ಧಿಮಾಂದ್ಯತೆಯೊಂದಿಗೆ ಹುಟ್ಟಿದವಳು. ಮನೆಯ ವಿಷಯ ಹೊರಗೆ ಆಡದ ಮನುಷ್ಯ 1965ರ ಡಿಸೆಂಬರಿನಲ್ಲಿ ಟೆಲಿವಿಷನ್ ಮುಂದೆ ಕೂತು ಇಂಥ ಮಕ್ಕಳಿಗಾಗಿ ದೇಶದ ಜನರಲ್ಲಿ ನೆರವು ಬೇಡಿದರು. ಮರುವರ್ಷ ಪತ್ನಿಯೊಂದಿಗೆ 'ಪೆರ್ಸ್ ನೆಜ್' ಸಂಸ್ಥೆ ಕಟ್ಟಿದರು. 1987ರಲ್ಲಿ ಅವರು ತೀರಿಕೊಂಡ ಮೇಲೂ ಅದರ ಕೆಲಸ ನಿಲ್ಲಲಿಲ್ಲ. ಇದು ತಿಳಿದ ಮೇಲೆ ಚಿತ್ರದ ಕೊನೆಯನ್ನು ನೋಡಿ: ಹೊರಗೆ ಲೆಕ್ಕ ಚುಕ್ತಾ ಆಗುವ ಸ್ಫೋಟ, ಒಳಗೆ ಹುಡುಗಿಯ ಮದುವೆ.

ಲೋತ್ನೆರ್ ಕಣ್ಣು ಮುಚ್ಚಿದ್ದು 2013ರ ನವೆಂಬರ್ 22ರಂದು. ಮಾಮಂದಿರಿಗೆ ಐವತ್ತು ತುಂಬಲು ಆಗ ಐದೇ ದಿನ ಬಾಕಿಯಿತ್ತು.