ಕಾಕಂಬಿಯಲ್ಲಿ ಮಿಂದ ಫೋರ್ಡ್

ಬೆಳಗಾವಿಯಲ್ಲಿ ಹಳೆಯ ಕಾರೊಂದನ್ನು ಅಂಗಳದಲ್ಲಿ ನಿಲ್ಲಿಸಿಕೊಂಡರೆ ಸಾಕು, ಅದರಲ್ಲಿ ಗಾಂಧೀಜಿ ಕೂತಿದ್ದರೆಂಬ ಸುದ್ದಿ ಸಂಜೆಯೊಳಗೆ ಓಣಿ ತುಂಬ ಹಬ್ಬುತ್ತದೆ. 1924ರ ಡಿಸೆಂಬರಿನಲ್ಲಿ ಇಲ್ಲೇ ಟಿಳಕವಾಡಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ತಮ್ಮ ಜೀವಮಾನದಲ್ಲಿ ಅಧ್ಯಕ್ಷತೆ ವಹಿಸಿದ ಅಧಿವೇಶನ ಅದೊಂದೇ. ಹೀಗಾಗಿ ಊರಿನ ಹಳೆಯ ಕುರ್ಚಿ, ತಂಬಿಗೆ, ಮೋಟಾರು ಎಲ್ಲವೂ ಆ ಕೆಲವು ದಿನಗಳಲ್ಲಿ ಪಾಲು ಕೇಳುತ್ತವೆ. ನಮ್ಮದು 1930ರ ಫೋರ್ಡ್ ಮಾಡೆಲ್ ಎ, ಅಧಿವೇಶನದ ಹೊತ್ತಿಗೆ ಅದು ಹುಟ್ಟಿಯೇ ಇರಲಿಲ್ಲ ಎಂದು ತಿಳಿಸಿ ಹೇಳಿದೆ. ಪಕ್ಕದ ಮನೆಯ ನಿವೃತ್ತ ಮಾಸ್ತರರು, “ಇರ್ಲಿ ಬಿಡ್ರಿ, ಕೂತಿದ್ರೂ ಕೂತಿರಬಹುದು” ಎಂದು ಇತಿಹಾಸದ ಜೊತೆ ರಾಜಿ ಮಾಡಿಕೊಂಡರು.

ಕಾರು ಬಂದದ್ದು ಹೆಂಡತಿಯ ತವರಿನಿಂದ, ಖಾನಾಪುರ ತಾಲ್ಲೂಕಿನ ನಂದಗಡದ ಆಚೆಯ ಹಳ್ಳಿಯಿಂದ. ಹಂಚಿನ ಕೊಟ್ಟಿಗೆ ಕೆಡವುವಾಗ ಒಳಗಿದ್ದದ್ದನ್ನು ಗುಜರಿಗೆ ಹಾಕುವುದೋ ಅಳಿಯನಿಗೆ ಕೊಡುವುದೋ ಎಂಬ ಪ್ರಶ್ನೆ ಎದ್ದು, ಗುಜರಿಯವನು ಹೇಳಿದ ಬೆಲೆ ಬಹಳ ಕಡಿಮೆಯಾದ್ದರಿಂದ ಅಳಿಯ ಗೆದ್ದ. ಖಾನಾಪುರದ ಮಳೆ ಗೊತ್ತಿದ್ದವರಿಗೆ ಕಾರಿನ ಸ್ಥಿತಿಯನ್ನು ಬಿಡಿಸಿ ಹೇಳಬೇಕಿಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿ ಅದೇ ತಾಲ್ಲೂಕಿನದು; ಆ ಕಡೆ ಕಬ್ಬಿಣ ವರ್ಷಕ್ಕೆ ನಾಲ್ಕು ತಿಂಗಳು ಒಣಗುವುದೇ ಇಲ್ಲ.

ಮಾಡೆಲ್ ಎ ಅಪರೂಪದ ಕಾರೇನೂ ಅಲ್ಲ. 1927ರಿಂದ 1932ರವರೆಗೆ ಸುಮಾರು 48 ಲಕ್ಷ ಕಾರುಗಳು ತಯಾರಾದವು. ಫೋರ್ಡ್ ಕಂಪನಿ 1926ರಿಂದಲೇ ಭಾರತದಲ್ಲಿ ಅಂಗಡಿ ತೆರೆದಿತ್ತು. ಬೆಳಗಾವಿ ಆಗ ಮುಂಬಯಿ ಪ್ರಾಂತದಲ್ಲಿದ್ದುದರಿಂದ ನಮ್ಮ ಭಾಗಕ್ಕೆ ಮೋಟಾರುಗಳು ಬರುತ್ತಿದ್ದ ದಾರಿಯೂ ಮುಂಬಯಿಯದೇ. 3.3 ಲೀಟರಿನ ನಾಲ್ಕು ಸಿಲಿಂಡರ್ ಇಂಜಿನ್, 40 ಅಶ್ವಶಕ್ತಿ. ಪೆಟ್ರೋಲ್ ಪಂಪಿಲ್ಲ. ಟಾಕಿ ಇರುವುದು ಚಾಲಕನ ಮೊಣಕಾಲ ಮೇಲ್ಗಡೆ, ಗಾಜಿನ ಕೆಳಗೆ. ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿದು ಕಾರ್ಬ್ಯುರೇಟರಿಗೆ ಹೋಗುತ್ತದೆ. ನಲವತ್ತು ಲೀಟರ್ ಪೆಟ್ರೋಲನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಸೇದುತ್ತ ಕಾರು ಓಡಿಸಿದ ಆ ಕಾಲದ ಡ್ರೈವರುಗಳ ಧೈರ್ಯವನ್ನು ಮೆಚ್ಚಬೇಕು.

ನಟ್ಟು ಬಿಚ್ಚುವುದಕ್ಕಿಂತ ಕಷ್ಟವಾದದ್ದು, ಈ ಕಾರನ್ನು ಯಾವ ವರ್ಷಕ್ಕೆ ಹಿಂದಿರುಗಿಸಬೇಕು ಎಂಬುದನ್ನು ನಿರ್ಧರಿಸುವುದು. ಬಟ್ಟೆಯ ಟಪ್ಪು ಹರಿದಾಗ ಯಾರೋ ತಗಡಿನ ಮಾಡು ಹೊದಿಸಿದ್ದರು. ಅಕ್ಕಿ ಚೀಲ ಹೇರಲು ಹಿಂದಿನ ಸೀಟು ಕಿತ್ತಿದ್ದರು. ಆರು ವೋಲ್ಟಿನ ವೈರಿಂಗ್ ತೆಗೆದು ಹನ್ನೆರಡು ಮಾಡಿದ್ದರು, ಹಿಂದಿನ ದೀಪ ಅಂಬಾಸಡರಿನದು, ಹಾರ್ನು ಲಾರಿಯದು. ರೇಡಿಯೇಟರಿನ ತೂತಿಗೆ ಕಲಾಯಿಯವನೊಬ್ಬ ಹಿತ್ತಾಳೆ ತುಣುಕು ಬೆಸೆದಿದ್ದ. ಆ ಬೆಸುಗೆ ಇಂದಿಗೂ ಸೋರುತ್ತಿಲ್ಲ. ಕಾರು ಸಂಗ್ರಹಿಸುವ ದೊಡ್ಡವರ ಶಾಸ್ತ್ರದ ಪ್ರಕಾರ ಇವೆಲ್ಲ ಮೈಲಿಗೆ. ಕಿತ್ತೆಸೆದು ಕಾರ್ಖಾನೆಯಿಂದ ಹೊರಬಿದ್ದ ದಿನದ ರೂಪಕ್ಕೆ ತರಬೇಕು. ಆದರೆ ಕಾರ್ಖಾನೆಯಲ್ಲಿ ಅದು ಇದ್ದದ್ದು ಎಷ್ಟು ಹೊತ್ತು? ಉಳಿದ ಆಯುಷ್ಯವೆಲ್ಲ ನಮ್ಮವರ ಕೈಯಲ್ಲೇ ಕಳೆದಿದೆ. ತಗಡಿನ ಮಾಡು ಹೋಗಲಿ, ಅದು ನೋಡಲಾಗದಷ್ಟು ವಿಕಾರ. ಕಲಾಯಿಯವನ ಬೆಸುಗೆ ಮಾತ್ರ ಇರುತ್ತದೆಂದು ಮೊದಲೇ ಸಾರಿಬಿಟ್ಟೆ.

ತುಕ್ಕಿಗೆ ಮದ್ದು ನಮ್ಮ ಜಿಲ್ಲೆಯಲ್ಲೇ ಇತ್ತು. ಕಾಕಂಬಿ, ಅಂದರೆ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲಿನಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಮಂದ ಪಾಕ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ ತುಕ್ಕು ಹಿಡಿದ ಭಾಗಗಳನ್ನು ಮುಳುಗಿಸಿಟ್ಟರೆ, ಎರಡು ಮೂರು ವಾರದಲ್ಲಿ ಅದು ತುಕ್ಕನ್ನು ಕರಗಿಸಿ ಎಳೆದುಕೊಳ್ಳುತ್ತದೆ. ಗಟ್ಟಿ ಉಕ್ಕಿನ ತಂಟೆಗೆ ಹೆಚ್ಚಾಗಿ ಹೋಗುವುದಿಲ್ಲ. ಜಗತ್ತಿನ ತುಂಬ ಹಳೆ ಕಾರಿನವರು ಇದನ್ನೇ ಮಾಡುತ್ತಾರೆ. ಅಲ್ಯುಮಿನಿಯಮ್ಮನ್ನು ಮಾತ್ರ ಕಾಕಂಬಿ ತಿಂದುಹಾಕುತ್ತದೆ, ಆದ್ದರಿಂದ ಪಿಸ್ಟನ್ನುಗಳನ್ನು ಅದರ ಹತ್ತಿರ ಸುಳಿಯಗೊಡಬಾರದು. ಹೊರತೆಗೆದ ಕೂಡಲೇ ತೊಳೆದು, ಒರೆಸಿ, ಪ್ರೈಮರ್ ಬಳಿಯಬೇಕು. ಚಹಾ ಕುಡಿದು ಬರುತ್ತೇನೆಂದರೆ ಹೊಸ ತುಕ್ಕು ಬಂದು ಕೂತಿರುತ್ತದೆ.

ದನದ ಮೇವಿಗೆಂದು ಮಾರುವ ಕಾಕಂಬಿ ತಂದು ಹಿತ್ತಲಿನ ನೀರಿನ ಟಾಕಿಯಲ್ಲಿ ಕಲಸಿದೆ. ಬಿಸಿಲು ಏರಿದಂತೆ ಅದು ಹುಳಿ ಬಂದು ಗುಳುಗುಳು ಎನ್ನತೊಡಗಿತು. ವಾಸನೆ ಮೊದಲು ನಮ್ಮ ಮನೆ, ಆಮೇಲೆ ಓಣಿ ದಾಟಿತು. ಚೋರ್ಲಾ ಘಾಟಿನ ಆಚೆ ಗೋವಾ ಇರುವ ಊರಿನಲ್ಲಿ ಇಂಥ ವಾಸನೆಗೆ ಜನ ಒಂದೇ ಅರ್ಥ ಹಚ್ಚುತ್ತಾರೆ. ಮೂಲೆಮನೆಯ ತರುಣನೊಬ್ಬ ಒಂದು ಸಂಜೆ ಮೆಲ್ಲಗೆ ಬಂದು, “ಅಣ್ಣಾರ, ತಪ್ಪ ತಿಳ್ಕೋಬ್ಯಾಡ್ರಿ, ಯಾವಾಗ ಇಳಸ್ತೀರಿ?” ಎಂದ. ಮುಚ್ಚಳ ತೆಗೆದು ತೋರಿಸಿದೆ. ಒಳಗೆ ನಾಲ್ಕು ಬ್ರೇಕ್ ಡ್ರಮ್ಮು ತೇಲದೆ ಕೂತಿದ್ದವು. ಅಷ್ಟು ನಿರಾಶೆಗೊಂಡ ಮುಖವನ್ನು ನಾನು ಚುನಾವಣೆಯ ಎಣಿಕೆ ಕೇಂದ್ರದ ಹೊರಗೂ ಕಂಡಿಲ್ಲ.

ಮಾಡೆಲ್ ಎ ಕಾರಿನ ಬಿಡಿಭಾಗಗಳು ಬಹುಪಾಲು ಇಂದಿಗೂ ಅಮೆರಿಕದಲ್ಲಿ ಹೊಸದಾಗಿ ಸಿಗುತ್ತವೆ. ದುಡ್ಡು ಕಟ್ಟಿ, ಸುಂಕ ಕಟ್ಟಿ ತರಿಸಿದರೆ ಆಯಿತು. ಆದರೆ ಉದ್ಯಮಬಾಗದ ಫೌಂಡ್ರಿಗಳ ಹೊಗೆ ಕಾಣುವಷ್ಟು ಹತ್ತಿರ ಮನೆ ಇಟ್ಟುಕೊಂಡು ಒಂದು ಬೀಡು ಕಬ್ಬಿಣದ ತುಂಡಿಗೆ ಸಮುದ್ರ ದಾಟುವುದು ಊರಿಗೇ ಅವಮಾನ ಎನಿಸಿತು. ಇಲ್ಲಿಯ ಕಬ್ಬಿಣದ ಹುಚ್ಚು ಹಳೆಯದು. ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಮುಂದೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದರು. ಜಾಗ ಬಿಡಬೇಕಾಗಿ ಬಂದಾಗ ಔಂಧ ಸಂಸ್ಥಾನಕ್ಕೆ ಹೋಗಿ 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಅವರು ಹೋದರೂ ಕಿರ್ಲೋಸ್ಕರ ರಸ್ತೆ ಇಲ್ಲೇ ಉಳಿಯಿತು, ಹುಚ್ಚೂ ಉಳಿಯಿತು.

ನಮ್ಮ ಕಾರಿನ ಹೊಗೆ ಮ್ಯಾನಿಫೋಲ್ಡ್ ಬಿರುಕು ಬಿಟ್ಟಿತ್ತು. ಅದನ್ನು ಚೀಲದಲ್ಲಿ ಹಾಕಿಕೊಂಡು ಫೌಂಡ್ರಿಯೊಂದರ ಮಾಲಕರ ಮುಂದಿಟ್ಟೆ. “ಒಂದ ಪೀಸಾ? ಸಾವಿರ ಹೇಳ್ರಿ, ಕೂಡ್ಲೇ ಚಾಲೂ ಮಾಡ್ತೇನಿ. ಒಂದಕ್ಕ ಯಾರ್ ಭಟ್ಟಿ ಹಚ್ಚತಾರ್ರಿ?” ಎಂದರು. ಆದರೂ ತುಂಡನ್ನು ಕೈಯಿಂದ ಕೆಳಗಿಡಲಿಲ್ಲ. ಅದರ ಮೇಲಿನ ಹಳೆಯ ಅಚ್ಚಿನ ಗೆರೆಯನ್ನು ಬೆರಳಿನಿಂದ ಸವರುತ್ತಲೇ ಇದ್ದರು. ಹಳೆಯ ತುಂಡನ್ನೇ ಉಸುಕಿನಲ್ಲಿ ಒತ್ತಿ ಅಚ್ಚು ತೆಗೆಯಬಹುದಲ್ಲ ಎಂದು ನಾನು ಜಾಣತನ ತೋರಿದೆ. ಅವರು ನಕ್ಕರು. ಕರಗಿದ ಬೀಡು ತಣ್ಣಗಾಗುವಾಗ ಅಡಿಗೆ ಇಂಚಿನ ಎಂಟನೇ ಒಂದು ಭಾಗದಷ್ಟು ಕುಗ್ಗುತ್ತದೆ. ಹಳೆಯದನ್ನೇ ಒತ್ತಿದರೆ ಮಗ ತಂದೆಗಿಂತ ಗಿಡ್ಡ ಹುಟ್ಟುತ್ತಾನೆ, ಬೋಲ್ಟಿಗೂ ತೂತಿಗೂ ಹೊಂದುವುದಿಲ್ಲ. ಅದಕ್ಕೇ ಕಟ್ಟಿಗೆಯ ಪ್ಯಾಟರ್ನನ್ನು ಆ ಲೆಕ್ಕ ಹಿಡಿದು ದೊಡ್ಡದಾಗಿ ಕೆತ್ತಬೇಕು, ಒಳಗಿನ ಪೊಳ್ಳಿಗೆ ಉಸುಕಿನದೇ ಕೋರ್ ಕೂಡಿಸಬೇಕು. ಕಡೆಗೆ ಒಂದು ದಿನದ ಪಾಳಿ ಮುಗಿಯುವಾಗ ಕೊನೆಯ ಸೌಟಿನಲ್ಲಿ ಉಳಿದ ಬೀಡು ನಮ್ಮ ಅಚ್ಚಿಗೆ ಬಿತ್ತು. ಬಿಲ್ಲು ಕೇಳಿದರೆ, “ಗಾಡಿ ಚಾಲೂ ಆದ್ರ ಒಂದ ರೌಂಡ ಹೊಡಸ್ರಿ” ಎಂದರು.

ಬೇರಿಂಗಿನ ಕಥೆ ಇನ್ನೂ ಸೂಕ್ಷ್ಮದ್ದು. ಈ ಕಾರಿನ ಬೇರಿಂಗು ಅಂಗಡಿಯಲ್ಲಿ ಕೊಂಡು ಕೂಡಿಸುವ ವಸ್ತುವಲ್ಲ. ವೈಟ್ ಮೆಟಲ್ ಕರಗಿಸಿ ಅದರ ಜಾಗದಲ್ಲೇ ಹೊಯ್ಯಬೇಕು. ನೀರೆತ್ತುವ ಡೀಸೆಲ್ ಇಂಜಿನ್ನುಗಳ ಕಾಲದ ಮಿಸ್ತ್ರಿಯೊಬ್ಬರು ಸಿಕ್ಕರು. ಥರ್ಮಾಮೀಟರಿಲ್ಲ. ಕಡ್ಡಿಯೊಂದನ್ನು ಕರಗಿದ ಲೋಹಕ್ಕೆ ಅದ್ದಿ, ಅದು ಎಷ್ಟು ಕಂದಿತು ಎಂದು ನೋಡಿ “ಹಾಂ” ಎಂದರೆ ಶಾಖ ಸರಿಯಾಯಿತು. ಆಮೇಲೆ ನೀಲಿ ಹಚ್ಚಿ, ಶಾಫ್ಟು ತಿರುಗಿಸಿ, ನೀಲಿ ತಾಗಿದಲ್ಲಿ ಮಾತ್ರ ಹೆರೆದು, ಮತ್ತೆ ನೀಲಿ. ಅವರ ಬಳಿ ಈ ವಿದ್ಯೆ ಕಲಿಯುವವರು ಯಾರೂ ಇಲ್ಲ.

ಟಪ್ಪಿನ ಕಮಾನುಗಳಿಗೆ ಖಾನಾಪುರಕ್ಕೇ ಹೋದೆವು. ನಾನು ಸಾಗವಾನಿ ಎಂದೆ. ಬಡಿಗೇರ ಅಜ್ಜ ತಲೆ ಅಲ್ಲಾಡಿಸಿದ. ಸಾಗವಾನಿ ತಳದ ಹಲಗೆಗೆ ಸರಿ, ಹಳೆ ಮನೆ ಕೆಡವಿದ್ದರಲ್ಲಿ ಸಿಗುತ್ತದೆ. ಬಾಗಬೇಕಾದಲ್ಲಿ ಅದು ಮುರಿಯುತ್ತದೆ. ಬಾಗುವುದಕ್ಕೆ ತಡಸಲು, ಬಿಲ್ಲು ಮತ್ತು ಗಾಡಿಯ ಮೂಕಿ ಮಾಡುವ ಮರ. ಹಬೆಯಲ್ಲಿ ಬೇಯಿಸಿ ಅವನು ಬಗ್ಗಿಸಿಕೊಟ್ಟ ಕಮಾನುಗಳನ್ನು ನೋಡಿದರೆ ಫೋರ್ಡ್ ಸಾಹೇಬನೂ ದೂರುತ್ತಿರಲಿಲ್ಲ.

ಬಣ್ಣದ ಮಾತು ಬಂದಾಗ ಓಣಿಗೆ ಓಣಿಯೇ ಕಪ್ಪು ಎಂದಿತು, ಹಳೆಯ ಫೋರ್ಡ್ ಎಂದರೆ ಕಪ್ಪು ಎಂಬ ನಂಬಿಕೆ. ಅದು ಹಿಂದಿನ ಮಾಡೆಲ್ ಟಿ ಕಾರಿನ ಮಾತು. ಎ ಬಣ್ಣಬಣ್ಣದಲ್ಲಿ ಬಂದಿತ್ತು. ಮಡ್‌ಗಾರ್ಡು ಮಾತ್ರ ಕಪ್ಪು. ನಮ್ಮ ಅತ್ತೆಯವರಿಗೆ ಈ ಚರಿತ್ರೆ ಬೇಕಾಗಿರಲಿಲ್ಲ. “ಅಳಿಯಂದ್ರ, ನಮ್ಮ ಗಾಡಿ ಹಸರ ಇತ್ತು. ಬಾಣಂತನಕ್ಕ ನನ್ನ ಅದ್ರಾಗ ಕರ್ಕೊಂಡ ಬಂದಿದ್ರು. ಲಾರಿ ಹಾರ್ನ್ ಹೊಡದ್ರ ಅಗಸಿ ಬಾಗಲದಾಗ ಗೊತ್ತಾಗತಿತ್ತು” ಎಂದರು. ಹಳೆಯ ಪದರ ಹೆರೆದು ನೋಡಿದರೆ ಹಸಿರಿನ ಕೆಳಗೆ ನೀಲಿ ಇತ್ತು. 1930ರದು ನೀಲಿಯೇ ಇರಬೇಕು. ಹಸಿರನ್ನೇ ಬಳಿದೆವು, ಹಾರ್ನೂ ಉಳಿಯಿತು.

ಈಗ ಉಳಿದದ್ದು ಟೈರು ಮತ್ತು ಕಾಗದಪತ್ರ. ಗಾಲಿ 19 ಇಂಚಿನದು. ಕಬ್ಬಿನ ಹಂಗಾಮಿನಲ್ಲಿ ರಸ್ತೆ ತುಂಬ ಸಾಗುವ ಟೈರಿನ ಚಕ್ಕಡಿಗಳದೂ 19 ಇಂಚೇ. ಹೊರದೇಶದ ಟೈರು ಬರುವ ತನಕ ಅವನ್ನೇ ಏರಿಸಿದ್ದೇವೆ. ಎತ್ತಿನ ನಡಿಗೆಗೆ ಮಾಡಿದ ಟೈರು, ಅಂಗಳದಲ್ಲಿ ಹಿಂದೆ ಮುಂದೆ ಸರಿಸಲು ಸಾಕು. ಕಾಗದಕ್ಕೆ 2021ರ ಕೇಂದ್ರ ನಿಯಮವಿದೆ: ಐವತ್ತು ವರ್ಷ ದಾಟಿದ ಕಾರಿಗೆ ವಿಎ ಅಕ್ಷರಗಳ ನಂಬರು, ಹೊಸ ನೋಂದಣಿಗೆ 20,000 ರೂಪಾಯಿ, ಮೂಲ ರೂಪದಲ್ಲಿ ಇರಬೇಕು, ದಿನಬಳಕೆಗೆ ಓಡಿಸುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ. ಮೂಲ ರೂಪ ಎಂದರೆ ಯಾವುದು ಎಂಬ ಚರ್ಚೆಗೆ ಅತ್ತೆಯವರನ್ನು ಕರೆದೊಯ್ಯುವ ಯೋಚನೆ ಇದೆ. ಅಷ್ಟರಲ್ಲಿ ಗಣಪತಿ ಮಂಡಳದ ಹುಡುಗರು ಮೆರವಣಿಗೆಗೆಂದು ಹೇಳಿ ಹೋಗಿದ್ದಾರೆ, ನವೆಂಬರ್ 1ಕ್ಕೆ ಭುವನೇಶ್ವರಿಯನ್ನು ಕೂಡಿಸಲು ರಾಜ್ಯೋತ್ಸವದವರೂ ಕೇಳಿದ್ದಾರೆ. ಬ್ರೇಕ್ ಕೆಲಸ ಆಯಿತೇ ಎಂದು ಇಬ್ಬರೂ ಕೇಳಿಲ್ಲ.