ಹಬ್ಬವಿಲ್ಲದ ವರ್ಷ

ಏಳನೆಯ ತರಗತಿಯ ಮಕ್ಕಳಿಗೆ ‘ನನ್ನ ಮೆಚ್ಚಿನ ಹಬ್ಬ’ ಎಂದು ಪ್ರಬಂಧ ಬರೆಯಲು ಕೊಡುವುದು ನಮ್ಮಂಥ ಕನ್ನಡ ಟೀಚರುಗಳ ಹಳೆಯ ಚಾಳಿ. ನೋಟುಬುಕ್ಕು ತಿದ್ದಲು ಕೂತರೆ ಅರ್ಧದಷ್ಟು ದೀಪಾವಳಿ, ಆಮೇಲೆ ಗಣೇಶ, ಉಳಿದದ್ದರಲ್ಲಿ ಯುಗಾದಿ, ರಂಜಾನ್, ಕ್ರಿಸ್‌ಮಸ್. ಒಂದು ವರ್ಷ ಒಬ್ಬ ಹುಡುಗಿ ಮಾತ್ರ ‘ನನ್ನ ಮೆಚ್ಚಿನ ಹಬ್ಬ ನಮ್ಮ ತಾತನ ವೈಕುಂಠ ಸಮಾರಾಧನೆ’ ಎಂದು ಬರೆದುಬಿಟ್ಟಳು. ಆ ದಿನ ಹನ್ನೊಂದು ಜನ ಮೊಮ್ಮಕ್ಕಳೂ ಸೇರಿದ್ದರಂತೆ. ರಾತ್ರಿ ಹಾಲ್‌ನಲ್ಲಿ ಸಾಲಾಗಿ ಚಾಪೆ ಹಾಸಿ ಮಲಗಿದ್ದರಂತೆ. ತಾತ ಗೊರಕೆ ಹೊಡೆಯುತ್ತಿದ್ದ ರೀತಿಯನ್ನು ಒಬ್ಬ ಅಣ್ಣ ಮಾಡಿ ತೋರಿಸಿದಾಗ ಅಜ್ಜಿಯೂ ನಕ್ಕರಂತೆ. ಸ್ಟಾಫ್ ರೂಮಿನಲ್ಲಿ ಅದು ಕೈಯಿಂದ ಕೈಗೆ ಹೋಯಿತು. “ವಿಷಯಕ್ಕೆ ಸಂಬಂಧವಿಲ್ಲ ಅಂತ ಬರೆದು ನಂಬರ್ ಕತ್ತರಿಸಿ” ಎಂದರು ಒಬ್ಬರು. ನಾನು ಹತ್ತಕ್ಕೆ ಒಂಬತ್ತು ಕೊಟ್ಟೆ. ಒಂದು ನಂಬರ್ ಹೋದದ್ದು ಒತ್ತಕ್ಷರದ ತಪ್ಪಿಗೆ.

ಅವಳು ಬರೆದದ್ದರಲ್ಲಿ ಸುಳ್ಳೇನಿದೆ ಹೇಳಿ? ಹನ್ನೆರಡು ದಿನ ಒಗ್ಗರಣೆಯ ಸದ್ದೇ ಇಲ್ಲದ ಮನೆಯಲ್ಲಿ ಹದಿಮೂರನೆಯ ದಿನ ಸಿಹಿ ಅಡುಗೆಯಾಗುತ್ತದೆ. ಅಳುವುದಕ್ಕೆ ಬಂದವರೇ ಎಲೆಯ ಮುಂದೆ ಕೂತು “ಇನ್ನೊಂದು ಬಡಿಸಿ” ಎನ್ನುತ್ತಾರೆ. ಮದುವೆಗೆ ಬಂದವರು ಊಟ ಮುಗಿಸಿ ಬಸ್ಸಿಗೆ ಓಡುತ್ತಾರೆ. ಸಾವಿನ ಮನೆಗೆ ಬಂದವರು ಉಳಿದುಕೊಳ್ಳುತ್ತಾರೆ. ಕೆಲಸವಿಲ್ಲದೆ ಸುಮ್ಮನೆ ಕೂತಾಗಲೇ ಅಲ್ಲವೇ ಹಳೆಯ ಮಾತು ಹೊರಬರುವುದು.

ನಮ್ಮ ಬಸವನಗುಡಿ, ಮಲ್ಲೇಶ್ವರಗಳೂ ಸಾವಿನ ಬೆನ್ನಿಗೇ ಬೆಳೆದ ಬಡಾವಣೆಗಳು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಿನಿಂದ ಹೊರಬಂದ ಜನ ಇಲ್ಲಿ ಅಗಲವಾದ ರಸ್ತೆ, ಗಾಳಿ ಬೆಳಕಿನ ಮನೆಗಳನ್ನು ಕಟ್ಟಿಕೊಂಡರು. ಅದೇ ಮನೆಗಳಲ್ಲಿ ಆಮೇಲೆ ತೊಟ್ಟಿಲು ಕಟ್ಟಿದರು, ಗೊಂಬೆ ಕೂರಿಸಿದರು. ಇಲ್ಲೇ ಗವಿಪುರದಲ್ಲಿದ್ದ ಮಾಸ್ತಿಯವರು ಹುಟ್ಟಿದ್ದು 1891ರ ಜೂನ್ 6ರಂದು, ತೀರಿಕೊಂಡದ್ದು 1986ರ ಜೂನ್ 6ರಂದು. ಅಂಥ ದಿನವನ್ನು ಕ್ಯಾಲೆಂಡರಿನಲ್ಲಿ ಯಾವ ಬಣ್ಣದಲ್ಲಿ ಗುರುತು ಹಾಕಬೇಕು?

ನಮ್ಮ ಮಾವನವರು ಹೋದದ್ದು 2017ರ ಜೂನ್‌ನಲ್ಲಿ. ಎಂಬತ್ತೆರಡು ವರ್ಷ; ಅಂಚೆ ಇಲಾಖೆಯಿಂದ ನಿವೃತ್ತರಾದವರು. ದಿನಪತ್ರಿಕೆಯ ಮಡಿಕೆ ಕೆಟ್ಟರೂ ರೇಗುವಷ್ಟು ಶಿಸ್ತು. ಅವರು ಹೋದ ಮೇಲೆ ನಮ್ಮಲ್ಲಿನ ಪದ್ಧತಿಯಂತೆ ವರ್ಷ ಹಬ್ಬವಿಲ್ಲ. ನಿಜ ಹೇಳಬೇಕೆಂದರೆ ಸೊಸೆಯಂದಿರಿಗೆ ಇದು ಅರ್ಧ ರಜೆಯಿದ್ದಂತೆ. ಚಕ್ಕುಲಿ ಒತ್ತಬೇಕಾಗಿಲ್ಲ, ಬೆಳ್ಳಿ ಪಾತ್ರೆ ಉಜ್ಜಬೇಕಾಗಿಲ್ಲ. ಆದರೆ ಗಣೇಶನ ಹಬ್ಬದ ಬೆಳಿಗ್ಗೆ ಬೀದಿಯ ಅಷ್ಟೂ ಬಾಗಿಲಿಗೆ ಮಾವಿನ ತೋರಣವಿದ್ದು ನಮ್ಮದು ಮಾತ್ರ ಬೋಳಾಗಿದ್ದಾಗ ಆ ರಜೆ ಬೇಡವೆನಿಸಿತು. ಮಧ್ಯಾಹ್ನ ಎದುರುಮನೆಯವರು ಡಬ್ಬಿಯಲ್ಲಿ ಕಡುಬು ತಂದರು. ಅತ್ತೆ ಹೊರಗೆ ಬರಲಿಲ್ಲ. ಆ ವರ್ಷವೆಲ್ಲ ಅವರು ಹಾಗೇ ಇದ್ದರು. ಯಾರಾದರೂ ಮುತ್ತೈದೆಯರು ಗೇಟು ತೆಗೆದ ಸದ್ದು ಕೇಳಿದರೆ ಸಾಕು, ಹಿತ್ತಿಲಿಗೆ ಹೋಗಿ ಒಣಗಿದ ಬಟ್ಟೆಯನ್ನೇ ಮತ್ತೆ ಮಡಿಚುತ್ತಿದ್ದರು. ಅವರಿಗೆ ಹಾಗೆಂದು ಯಾರೂ ಹೇಳಿರಲಿಲ್ಲ. ಹೇಳದೆಯೇ ತಿಳಿಯುವಂತೆ ನಮ್ಮ ಸಮಾಜ ಹೆಂಗಸರಿಗೆ ಪಾಠ ಮಾಡಿಟ್ಟಿದೆ.

ಕಾರ್ತಿಕ ಮಾಸದ ಕಡೆಯ ಸೋಮವಾರ ಬಂತು. ಬೇರೆ ಊರಿನವರಿಗಾಗಿ ಒಂದು ಮಾತು: ಅಂದು ನಮ್ಮ ದೊಡ್ಡ ಬಸವಣ್ಣನ ಗುಡಿಯ ಸುತ್ತ ಕಡಲೆಕಾಯಿ ಪರಿಷೆ. ಸುಂಕೇನಹಳ್ಳಿಯ ಸುತ್ತಿನ ರೈತರ ಬೆಳೆಯನ್ನು ಬಸವ ಬಂದು ಮೇಯುತ್ತಿತ್ತಂತೆ. ಅದನ್ನು ಸಮಾಧಾನ ಮಾಡಲು ಮೊದಲ ಫಸಲನ್ನು ಒಪ್ಪಿಸುವ ಪದ್ಧತಿ ಬಂತಂತೆ. ಕಡಲೆಕಾಯಿ ದಕ್ಷಿಣ ಅಮೆರಿಕದಿಂದ ಬಂದದ್ದೆಂದು ಪಾಠ ಮಾಡುವ ನಮ್ಮ ಸಮಾಜ ಟೀಚರಿಗೆ ಈ ಕತೆಯ ಮೇಲೆ ಅನುಮಾನವಿದೆ, ಬಸವಣ್ಣನಿಗೆ ಇದ್ದಂತಿಲ್ಲ. ಮಾವನವರು ಪ್ರತಿವರ್ಷ ಬಟ್ಟೆಯ ಚೀಲ ಹಿಡಿದು ಹೋಗಿ ಹಸಿಯದು ಎರಡು ಸೇರು, ಹುರಿದದ್ದು ಒಂದು ಸೇರು ತರುತ್ತಿದ್ದರು. ಆ ವರ್ಷ ಚೀಲ ಮೊಳೆಯಲ್ಲೇ ತೂಗುತ್ತಿತ್ತು.

ಸಂಜೆ ಅತ್ತೆಯೇ ಕೇಳಿದರು: “ಯಾರೂ ಕಡಲೇಕಾಯಿ ತರಲಿಲ್ವೇ?”

ನಮ್ಮ ಯಜಮಾನರು, “ಈ ವರ್ಷ ಹಬ್ಬ ಇಲ್ಲವಲ್ಲಮ್ಮ” ಎಂದರು.

“ಹಬ್ಬ ಇಲ್ಲದ್ದು ನಮ್ಮ ಮನೆಗೆ. ಪರಿಷೆ ಊರಿನದು. ಗುಡಿಯೊಳಗೆ ಹೋಗೋದು ಬೇಡ. ರಸ್ತೆಯಲ್ಲಿ ನಡೆಯೋದಕ್ಕೆ ಯಾವ ಶಾಸ್ತ್ರ ಅಡ್ಡ ಬರತ್ತೆ?”

ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ನಾನು, ನಾದಿನಿ, ಭಾವನವರ ಮಗಳು ಚೀಲ ಹಿಡಿದು ಹಿಂದೆ ಓಡಿದೆವು. ರಸ್ತೆಯ ಎರಡು ಕಡೆ ಕಡಲೆಕಾಯಿಯ ರಾಶಿ, ಬತ್ತಾಸು, ಪೀಪಿ, ಜನ. ಅತ್ತೆ ಇದ್ದಕ್ಕಿದ್ದಂತೆ ನಿಂತು ನೆಲ ನೋಡಿ ನಗತೊಡಗಿದರು.

“ನಮ್ಮ ಮದುವೆಯಾದ ವರ್ಷ, ಅರವತ್ತೆರಡರಲ್ಲಿ, ಇಲ್ಲಿಗೆ ಬಂದಿದ್ವಿ. ಅತ್ತೆ-ಮಾವ ಜೊತೇಲಿದ್ರು, ಕೈ ಹಿಡಿಯೋ ಹಾಗಿಲ್ಲ. ನಾನೋ ತಿಪಟೂರು ಕಡೆ ಹಳ್ಳಿಯವಳು. ದಾರಿ ತಪ್ಪೀಯೆ ಅಂತ ಇವರು ಮುಂದೆ ಕಡಲೇಕಾಯಿ ಸುಲಿದು ಸಿಪ್ಪೆ ಬೀಳಿಸ್ಕೊಂಡು ಹೋಗ್ತೀನಿ, ಸಿಪ್ಪೆ ನೋಡ್ಕೊಂಡು ಬಾ ಅಂದ್ರು. ಅಲ್ಲ ಕಣೇ, ಪರಿಷೇಲಿ ರಸ್ತೆ ತುಂಬಾ ಸಿಪ್ಪೆ! ಅದರಲ್ಲಿ ಇವರದ್ದು ಯಾವುದು ಅಂತ ಹುಡುಕಲಿ?”

ನಾವು ಮೂವರೂ ನಡುರಸ್ತೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆವು.

“ಆಮೇಲೆ?” ಎಂದಳು ಮೊಮ್ಮಗಳು.

“ಆಮೇಲೇನು, ತಪ್ಪಿಸಿಕೊಂಡೆ. ದೊಡ್ಡ ಗಣಪತಿ ಮುಂದೆ ಅಳುತ್ತಾ ನಿಂತಿದ್ದೆ. ಕತ್ತಲಾಗೋ ಹೊತ್ತಿಗೆ ಬಂದ್ರು. ಬೈತಾರೆ ಅಂದ್ಕೊಂಡೆ. ಸುಲಿದ ಬೀಜ ಅಷ್ಟೂ ಕರವಸ್ತ್ರದಲ್ಲಿ ಕಟ್ಟಿ ಇಟ್ಕೊಂಡಿದ್ರು. ಒಂದೂ ತಿಂದಿರಲಿಲ್ಲ.”

ಆ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತು ವರ್ಷ ದಾಟಿದ್ದರೂ ಈ ಮಾವನವರನ್ನು ನಾನು ನೋಡಿರಲಿಲ್ಲ. ನಾದಿನಿಯೂ ತನ್ನ ಅಪ್ಪನನ್ನು ಹೀಗೆ ಕಂಡಿರಲಿಲ್ಲ. ಅವರು ಹೋಗಿ ಐದು ತಿಂಗಳಿಗೆ, ಸಿಪ್ಪೆಯ ನಡುವೆ, ಹೊಸದಾಗಿ ಸಿಕ್ಕರು. ಅಷ್ಟರಲ್ಲಿ ನೆಂಟರ ಪೈಕಿ ಒಬ್ಬರು ನಮ್ಮನ್ನು ಕಂಡರು. “ಏನು, ಪರಿಷೆಗೆ ಬಂದುಬಿಟ್ರಾ?” ಎಂದರು. ಮಾತು ಅಷ್ಟೇ, ದೃಷ್ಟಿ ಮಾತ್ರ ಅತ್ತೆಯ ಬರಿಯ ಹಣೆಯ ಮೇಲಿತ್ತು. ಅತ್ತೆ ಅವರ ಕೈಗೆ ಒಂದು ಹಿಡಿ ಕಡಲೆಕಾಯಿ ಹಾಕಿ, “ತಗೊಳ್ಳಿ, ಬಿಸಿಯಾಗಿದೆ” ಎಂದರು.

ಭಾವನವರ ಮಗಳ ಮದುವೆ ಮಾವನವರಿದ್ದಾಗಲೇ ಗೊತ್ತಾಗಿತ್ತು. ವರ್ಷ ತುಂಬುವ ತನಕ ನಿಲ್ಲಿಸುವುದೋ, ಮಾಡಿಬಿಡುವುದೋ ಎಂದು ವಾರಗಟ್ಟಲೆ ಚರ್ಚೆ ನಡೆಯಿತು. ಉಳಿದ ಮಾಸಿಕಗಳನ್ನು ಮುಂಚೆಯೇ ಮುಗಿಸಿ ಮಾಡಬಹುದೆಂದು ಪುರೋಹಿತರು ದಾರಿ ತೋರಿಸಿದರು. 2018ರ ಫೆಬ್ರವರಿಯಲ್ಲಿ ಚಾಮರಾಜಪೇಟೆಯ ಒಂದು ಛತ್ರದಲ್ಲಿ ಮದುವೆ. ಅತ್ತೆ ಹಿಂದಿನ ರಾತ್ರಿಯಿಂದಲೇ ಉಗ್ರಾಣ ಸೇರಿಕೊಂಡಿದ್ದರು. ತಾಂಬೂಲದ ತೆಂಗಿನಕಾಯಿ ಎಣಿಸಬೇಕು ಎಂಬ ನೆಪ.

ಧಾರೆಯ ಹೊತ್ತು. ಒಬ್ಬೊಬ್ಬರಾಗಿ ಬಂದು ಹಾಲು ಎರೆದರು. ಎಲ್ಲರದೂ ಆಯಿತು ಎನ್ನುವಾಗ ಹುಡುಗಿ, “ಅಜ್ಜಿ ಎರೆಯೋವರೆಗೂ ನಾನು ಕೈ ತೆಗೆಯೋಲ್ಲ” ಎಂದಳು. ಜೋರಾಗಿಯೇನೂ ಹೇಳಲಿಲ್ಲ. “ಅವರು ಕೂತಲ್ಲಿಂದಲೇ ಅಕ್ಷತೆ ಹಾಕಲಿ ಬಿಡಮ್ಮ” ಎಂದಿತು ಒಂದು ಹಿರಿಯ ಧ್ವನಿ. ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪುರೋಹಿತರು ಪಂಚಪಾತ್ರೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ನಾನು ಉಗ್ರಾಣಕ್ಕೆ ಹೋಗಿ ಅತ್ತೆಯ ಕೈ ಹಿಡಿದುಕೊಂಡೆ. “ಬೇಡ ಕಣೇ, ಮಗುವಿಗೆ ಒಳ್ಳೆಯದಾಗಬೇಕು” ಎಂದರು. “ಮಗುವೇ ಕರೀತಿದೆ ಅಮ್ಮ” ಎಂದೆ.

ತೆಂಗಿನ ನಾರು ಅಂಟಿದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದರು. ಕೈ ನಡುಗಿ ಅರ್ಧ ಹಾಲು ಮದುಮಗನ ಜರಿ ಪಂಚೆಯ ಮೇಲೆ ಬಿತ್ತು. ಆ ಹುಡುಗ, “ಪರವಾಗಿಲ್ಲ ಅಜ್ಜಿ, ಇನ್ನೊಂದು ಸಲ ಎರೀರಿ” ಎಂದ. ಎಲ್ಲರೂ ನಕ್ಕರು. ಎಲ್ಲರೂ ಎಂದರೆ ಪೂರ್ತಿ ಎಲ್ಲರೂ ಅಲ್ಲ. ಇಬ್ಬರು ತಾಂಬೂಲ ತೆಗೆದುಕೊಳ್ಳದೆ ಹೋದರು. ಅವರ ತೆಂಗಿನಕಾಯಿ ನಮಗೆ ಉಳಿಯಿತು.

ಆ ಮೊಮ್ಮಗಳಿಗೆ ಈಗ ಶಾಲೆಗೆ ಹೋಗುವ ಮಗನಿದ್ದಾನೆ. ಪರಿಷೆ ಈಗ ಒಂದು ದಿನಕ್ಕೆ ಮುಗಿಯುವುದಿಲ್ಲ. ಆ ನೂಕುನುಗ್ಗಲಿನಲ್ಲಿ ನಡೆಯಲು ಅತ್ತೆಯ ಮಂಡಿ ಒಪ್ಪುವುದಿಲ್ಲ. ನಾವೇ ತಂದುಕೊಡುತ್ತೇವೆ, ಹಲ್ಲಿಗೆ ಆಗುವುದಿಲ್ಲವೆಂದು ಬೇಯಿಸಿದ್ದೇ ಬೇಕು. ಸಿಪ್ಪೆಯ ಕತೆಯನ್ನು ಮರಿಮಗ ಪ್ರತಿವರ್ಷ ಹೇಳಿಸುತ್ತಾನೆ. ಹೇಳಿದ ಹಾಗೆಲ್ಲ ಅದು ಸ್ವಲ್ಪ ಸ್ವಲ್ಪ ಬದಲಾಗುತ್ತಿದೆ. ಕಳೆದ ಸಲ ಅವನು, “ನೀನು ಕಳೆದುಹೋದಾಗ ಭಯ ಆಯ್ತಾ ಮುತ್ತಜ್ಜಿ?” ಎಂದು ಕೇಳಿದ.

ಅತ್ತೆ ಬೀಜ ಬಿಡಿಸಿ ಅವನ ಬಾಯಿಗೆ ಹಾಕುತ್ತಾ, “ನಾನೆಲ್ಲಿ ಕಳೆದುಹೋಗಿದ್ದೆ? ಗಣಪತಿ ಮುಂದೆ ನಿಂತಿದ್ದೆನಲ್ಲ. ಕಳೆದುಹೋಗಿದ್ದು ಅವರು” ಎಂದರು.